ಒದರುವ ಗಾಡಿ

ಸುನೀಲನ ಗಾಡಿ ಹಳೆಯದಾದರೂ ಅದರ ಬಾಯಿ ಮಾತ್ರ ಜೋರು. ಸಿಂಧನೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಆ ಬಿಳಿ ಕಾರಿಗೆ ಹಿಂದಿನ ಮಾಲೀಕ ಕಳ್ಳರ ಅಲಾರಂ ಕೂಡಿಸಿದ್ದ. ಆ ಪುಣ್ಯಾತ್ಮ ಎಂಥ ಕಳ್ಳರ ನಡುವೆ ಬಾಳಿದ್ದನೋ ಏನೋ, ಬಾನೆಟ್ ಮೇಲೆ ಒಂದು ಬೇವಿನ ಹಣ್ಣು ಉದುರಿದರೂ ಗಾಡಿ ಓಣಿ ತುಂಬ ಒದರುತ್ತಿತ್ತು. ಬೆಕ್ಕು ಹತ್ತಿ ಮಲಗಿದರೆ ಒದರಿತು. ಭತ್ತದ ಲಾರಿ ತಿರುವಿನಲ್ಲಿ ಗೇರು ಬದಲಿಸಿದರೆ ಒದರಿತು. ಯಾರೂ ಮುಟ್ಟದೆ ಇದ್ದಾಗಲೂ, ತನಗೆ ತಾನೇ ಏನೋ ನೆನಪಾದವರ ಹಾಗೆ, ಒದರಿತು.

ಮೊದಮೊದಲು ಓಣಿಯ ಮಂದಿ ನಕ್ಕರು. ಬಾಡಿಗೆ ಮನೆಯ ಒಡತಿ ಸಂಗಮ್ಮನಂತೂ, ಕಣ್ಣೆತ್ತಿ ನೋಡಿದರೂ ನಿಮ್ಮ ಗಾಡಿ ಅಳುತ್ತದಲ್ಲ ಮಾಸ್ತರೇ ಎಂದು ಚೇಷ್ಟೆ ಮಾಡುತ್ತಿದ್ದಳು. ಪಕ್ಕದ ಮನೆಯಲ್ಲೇ ಇದ್ದ ಆಕೆ ದಿನ ಬಿಟ್ಟು ದಿನ ಬಿಸಿ ಜೋಳದ ರೊಟ್ಟಿ, ಶೇಂಗಾದ ಹಿಂಡಿ ಕಳಿಸುತ್ತಿದ್ದಳು. ಸುನೀಲನ ಹೆಂಡತಿ ಸುರೇಖಾ ಬಸುರಿ ಎಂದು ಗೊತ್ತಾದ ಮೇಲೆ ಡಬ್ಬಿಯಲ್ಲಿ ಹುಳಿ ಮಾವಿನಕಾಯಿ ಉಪ್ಪಿನಕಾಯಿಯೂ ಬಂತು.

ಲಿಂಗಸುಗೂರಿನಲ್ಲಿ ಬಾಡಿಗೆ ಮನೆ ಸಿಗುವುದು ಸುನೀಲನಂಥವರಿಗೆ ಹುಡುಗಾಟದ ಮಾತಲ್ಲ. ಹೈಸ್ಕೂಲು ಗಣಿತದ ಮಾಸ್ತರ, ಸಾಲಗುಂದದವ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸು ಎಂಬಲ್ಲಿಗೆ ಎಲ್ಲ ಮಾಲೀಕರ ಮುಖವೂ ಅರಳುತ್ತಿತ್ತು. ಆಮೇಲೆ ‘ನೀವು ಯಾ ಪೈಕಿ’ ಎಂಬ ಮಾತು ಬರುತ್ತಿತ್ತು. ಸುನೀಲ ಮುಚ್ಚಿಡದೆ ಹೇಳುತ್ತಿದ್ದ. ಅಷ್ಟರಲ್ಲಿ ಖಾಲಿ ಇದ್ದ ಮನೆ ತುಂಬಿಹೋಗಿರುತ್ತಿತ್ತು. ಸಂಗಮ್ಮ ಮಾತ್ರ ಕೇಳಲಿಲ್ಲ. ಅವಳ ಮಗಳಿಗೆ ಮುದಗಲ್‌ನಲ್ಲಿ ಹೆರಿಗೆ ನೋವು ಶುರುವಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು, ಕೀಲಿ ಕೈಗಿಟ್ಟು ಓಡಿದ್ದಳು. ಹಾಗೆ ಸಿಕ್ಕಿದ ಮನೆ ಅದು. ಸುರೇಖಾಳ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ನಳದಲ್ಲಿ ನೀರು. ಸುರೇಖಾಳಿಗೆ ತವರಿನವರು ಯಾರೂ ಉಳಿದಿರಲಿಲ್ಲ. ಬಾಣಂತನಕ್ಕೆ ಸುನೀಲನ ತಾಯಿ ಗದ್ದೆಮ್ಮ ಊರಿನಿಂದ ಇಲ್ಲಿಗೇ ಬರುವುದೆಂದು ಮಾತಾಗಿತ್ತು. ಕೂಸು ಹುಟ್ಟುವವರೆಗಾದರೂ ಈ ಮನೆ ಉಳಿಯಲಿ ಎಂಬುದೊಂದೇ ಅವನ ಆಸೆ.

ಒಂದು ಮಧ್ಯಾಹ್ನ ಅವನು ಶಾಲೆಯಲ್ಲಿದ್ದಾಗ ಗಾಡಿ ಒದರಲು ಹತ್ತಿತು. ಸುರೇಖಾ ಬಚ್ಚಲಲ್ಲಿದ್ದಳು. ಗಾಡಿಯ ಕೀಲಿ ತಗೊಂಡು ತಾನೇ ಅದರ ಬಾಯಿ ಮುಚ್ಚಿಸೋಣ ಎಂದು ಸಂಗಮ್ಮ ಒಳಗೆ ಬಂದಳು. ಬಾಡಿಗೆಗೆ ಕೊಟ್ಟ ಮೇಲೆ ಆ ಮನೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕೀಲಿಯ ಮೊಳೆ ಗೋಡೆಯ ಮೇಲಿನ ಎರಡು ಫೋಟೋಗಳ ಕೆಳಗಿತ್ತು. ಒಂದು ಬುದ್ಧನದು, ಇನ್ನೊಂದು ನೀಲಿ ಕೋಟಿನ ಬಾಬಾಸಾಹೇಬರದು. ಸುರೇಖಾ ಹೊರಗೆ ಬಂದಾಗ ಸಂಗಮ್ಮ ಗೋಡೆ ನೋಡುತ್ತ ನಿಂತಿದ್ದಳಂತೆ. ಕೀಲಿ ಮುಟ್ಟದೆ, ಮಾತಾಡದೆ ಹೊರಟುಹೋದಳಂತೆ. ಗಾಡಿ ಒದರಿ ಒದರಿ ತಾನೇ ಸುಮ್ಮನಾಯಿತಂತೆ. ಸಂಜೆ ಹೆಂಡತಿ ಇಷ್ಟೆಲ್ಲ ಹೇಳಿದರೆ, ಸುನೀಲ ಗಾಡಿಯ ಮಾತಷ್ಟನ್ನೇ ಕೇಳಿಸಿಕೊಂಡ. ಥೂ ಇದರ, ಪಾಪ ಆ ಹೆಣ್ಣುಮಗಳಿಗೆ ಎಷ್ಟು ತ್ರಾಸ ಎಂದು ಬೈದುಕೊಂಡ.

ಸಂಗಮ್ಮನ ಡಬ್ಬಿಯೊಂದು ಇವರಲ್ಲೇ ಉಳಿದಿತ್ತು. ಬರಿ ಡಬ್ಬಿ ಹಿಂದಿರುಗಿಸುವ ಪದ್ಧತಿ ಇಲ್ಲವಲ್ಲ, ಸುರೇಖಾ ಅದರ ತುಂಬ ಶೇಂಗಾ ಉಂಡಿ ಹಾಕಿಕೊಂಡು ಹೋದಳು. ಸಂಗಮ್ಮ ಬಾಗಿಲಲ್ಲೇ ನಿಂತು, ಡಬ್ಬಿ ನಿಮ್ಮಲ್ಲೇ ಇರಲಿ, ನಮಗೆ ಬೇರೆ ಅದಾವೆ ಎಂದು ಕಳಿಸಿದಳು. ಎಷ್ಟು ದೊಡ್ಡ ಮನಸ್ಸು ನೋಡು ಎಂದ ಸುನೀಲ. ಸುರೇಖಾ ಉಂಡಿಗಳನ್ನು ತಿರುಗಿ ತಾಟಿಗೆ ಸುರಿದಳು. ಲೆಕ್ಕದ ಮಾಸ್ತರನಿಗೆ ಈ ಲೆಕ್ಕ ಮಾತ್ರ ತಿಳಿಯಲಿಲ್ಲ. ರೊಟ್ಟಿ ಬರುವುದು ನಿಂತಿತ್ತು. ಅದನ್ನೂ ಅವನು ಗಾಡಿಯ ತಲೆಗೇ ಕಟ್ಟಿದ.

ಆ ವಾರವೇ ಸಂಗಮ್ಮ ಗೇಟಿನ ಹೊರಗೆ ನಿಂತು ಅವನನ್ನು ಕರೆದಳು.

“ಗಾಡಿ ಭಾಳ ಒದರತೈತ್ರಿ ಮಾಸ್ತರ. ಓಣಿ ಮಂದಿ ಬ್ಯಾಸರ ಮಾಡ್ಕೊಂಡಾರ. ಬ್ಯಾರೆ ಕಡೆ ಮನಿ ನೋಡ್ಕೋರಿ.”

ಸ್ವಲ್ಪ ಟೈಮ್ ಕೊಡಿರಿ ಅಮ್ಮಾರ, ಗಾಡಿ ಸರಿ ಮಾಡಿಸುತ್ತೇನೆ ಎಂದು ಸುನೀಲ ಕೈಮುಗಿದ. ಸಂಗಮ್ಮ ತನ್ನ ಮನೆಯ ಕಡೆ ತಿರುಗಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸುನೀಲ ರಜೆ ಹಾಕಿ ಸಿಂಧನೂರಿಗೆ ಗಾಡಿ ಹೊಡೆದ. ಅಲ್ಲಿ ವೈರಿಂಗ್ ಕೆಲಸದ ಜಾಹೀದ್ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿ ತೋರಿಸಿದ. ಗಾಡಿ ನಡುಗಿದರೆ ಇದಕ್ಕೆ ಗೊತ್ತಾಗುತ್ತದೆ, ಇದು ಸೈರನ್‌ಗೆ ಹೇಳುತ್ತದೆ ಎಂದ. ಅದರ ಪುಟ್ಟ ಸ್ಕ್ರೂ ತಿರುವಿ ಸೂಕ್ಷ್ಮತೆ ಕಮ್ಮಿ ಮಾಡಿ, ಬಾಗಿಲಿಗೆ ಗುದ್ದಿ ನೋಡಿದ. ಸದ್ದಿಲ್ಲ. ಊರಿಗೆ ಬಂದರೆ ಮರುದಿನವೇ ಮತ್ತೆ ಒದರಿತು. ಮತ್ತೆ ಸಿಂಧನೂರು. ಬಾನೆಟ್ ಕೆಳಗಿನ ಸ್ವಿಚ್ ತುಕ್ಕು ಹಿಡಿದಿದೆ, ಮುಚ್ಚಿದ ಬಾನೆಟ್ಟನ್ನು ಗಾಡಿ ತೆರೆದಿದೆ ಎಂದುಕೊಳ್ಳುತ್ತಿದೆ ಎಂದು ಜಾಹೀದ್ ಅದನ್ನೂ ಬದಲಿಸಿದ. ಇಳಿದುಹೋಗಿದ್ದ ಬ್ಯಾಟರಿಯನ್ನೂ ಬದಲಿಸಿದ.

ತಿರುಗಿ ಬರುವಾಗ ಸುನೀಲ ಮಸ್ಕಿಯ ಬಸ್‌ಸ್ಟ್ಯಾಂಡ್ ಎದುರಿಗೇ, ಬೇಕಂತಲೇ ಗದ್ದಲದೊಳಗೆ, ಗಾಡಿ ನಿಲ್ಲಿಸಿದ. ಮಿರ್ಚಿ ತಿನ್ನುತ್ತ ದೂರದಿಂದ ನೋಡಿದ. ಟ್ರ್ಯಾಕ್ಟರ್ ಹೋಯಿತು. ಲಾರಿ ಹೋಯಿತು. ಯಾರೋ ಬೈಕಿನವ ಹಿಂದಿನ ಬಂಪರಿಗೆ ತಾಗಿಸಿಕೊಂಡೇ ಹೋದ. ಗಾಡಿ ಪಿಟ್ ಎನ್ನಲಿಲ್ಲ. ಸುನೀಲನಿಗೆ ಕಣ್ಣಲ್ಲಿ ನೀರು ಬಂತು, ಮಿರ್ಚಿಯ ಖಾರಕ್ಕಲ್ಲ.

ಆದರೆ ನಸೀಬು ಕೆಟ್ಟದ್ದು. ಮೂರನೆಯ ದಿನ ಓಣಿಯಲ್ಲಿ ಡಿಜೆ ಹಚ್ಚಿದ ಮದುವೆ ಮೆರವಣಿಗೆ ಬಂತು, ಗಾಡಿ ಅದರೊಂದಿಗೆ ದನಿ ಕೂಡಿಸಿತು. ಮರುದಿನ ಸುನೀಲ ಸೀದಾ ಸಿಂಧನೂರಿಗೆ ಹೋಗಿ, ಸೈರನ್ನೇ ಕಿತ್ತುಹಾಕು ಎಂದ. ಜಾಹೀದ್ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತ.

“ಸೈರನ್ ತಗದ್ರ ಗಾಡಿಗಿ ಕಾವಲ ಇರಂಗಿಲ್ರಿ ಮಾಸ್ತರ.”

“ಗಾಡಿ ಹೋದ್ರ ಹೋಗ್ಲಿ ಜಾಹೀದ್. ಮನಿ ಉಳೀಲಿ.”

ಸೈರನ್ನು ಮನೆಗೆ ತಂದು ಅಟ್ಟಕ್ಕೆ ಒಗೆದ. ಓಣಿ ತಣ್ಣಗಾಯಿತು. ಬೆಕ್ಕು ಬಾನೆಟ್ ಮೇಲೆ ಆರಾಮಾಗಿ ನಿದ್ದೆ ಹೊಡೆಯಿತು. ಸುನೀಲ ತೊಟ್ಟಿಲು ಕಟ್ಟಲು ಕೊಂಡಿ ಯಾವ ಜಂತೆಗೆ ಹಾಕೋಣ ಎಂದು ಹೆಂಡತಿಯನ್ನು ಕೇಳಿದ. ಇನ್ನೂ ಟೈಮ್ ಐತಿ ಬಿಡ್ರಿ ಎಂದು ಅವಳು ಮಾತು ತೇಲಿಸಿದಳು.

ತಿಂಗಳು ತುಂಬುವ ಮೊದಲೇ ಸಂಗಮ್ಮ ಮತ್ತೆ ಗೇಟಿಗೆ ಬಂದಳು. ನಿನ್ನೆ ರಾತ್ರಿಯೂ ನಿಮ್ಮ ಗಾಡಿ ಒದರಿತು, ಯಾರಿಗೂ ನಿದ್ದೆ ಇಲ್ಲ ಎಂದಳು. ಸುನೀಲನಿಗೆ ನಗುವೇ ಬಂತು. ಅಯ್ಯೋ ಅಮ್ಮಾರ ಎನ್ನುತ್ತ ಒಳಗೆ ಓಡಿ, ಅಟ್ಟ ತಡಕಿ, ಧೂಳು ಹಿಡಿದ ಸೈರನ್ನು ಎರಡೂ ಕೈಯಲ್ಲಿ ಹಿಡಿದು ತಂದು ತೋರಿಸಿದ.

“ನೋಡ್ರಿ, ಇದ ಒದರೋದು. ಬಿಚ್ಚಿ ಇಟ್ಟು ಭಾಳ ದಿನ ಆತ್ರಿ. ಗಾಡಿಗಿ ಬಾಯೇ ಇಲ್ಲ ಈಗ.”

ಸಂಗಮ್ಮ ಸೈರನ್ ಕಡೆ ನೋಡಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಸೆರಗು ಸರಿ ಮಾಡಿಕೊಂಡಳು.

“ಇರಬೋದಪಾ. ಮಂದಿ ಕೇಳ್ಯಾರ.”

ಮಾಸ್ತರ, ರೀ ಎನ್ನುತ್ತಿದ್ದ ಬಾಯಿ ಅದು, ಈಗ ಬರೀ ‘ಅಪಾ’ ಎಂದಿತ್ತು. ಸುನೀಲನಿಗೆ ಆಗ ತಿಳಿಯಿತು. ಎಷ್ಟು ಸಲ ಸಿಂಧನೂರಿಗೆ ಹೋಗಿ ಬಂದಿದ್ದ, ಎಷ್ಟು ಸ್ಕ್ರೂ ತಿರುವಿಸಿದ್ದ! ನಾಚಿಕೆ ಅವನನ್ನು ಸುಟ್ಟಿತು. ನಾಚಬೇಕಾದವಳು ಆರಾಮಾಗಿ ನಡೆದು ಹೋದಳು.

ಒಳಗೆ ಸುರೇಖಾ ನೆಲದ ಮೇಲೆ ಕೂತು ಬಟ್ಟೆ ಮಡಚಿ ಟ್ರಂಕಿಗೆ ತುಂಬುತ್ತಿದ್ದಳು.

“ಆವತ್ತ ಆಕಿ ಗೋಡಿ ನೋಡಿದಾಗ ನಂಗ ಗೊತ್ತಾಗಿತ್ರಿ. ನೀವು ಗಾಡಿ ರಿಪೇರಿ ಮಾಡಿಸ್ಕೋತ ಖುಷಿಯಾಗಿದ್ರಿ. ಇರಲಿ ಬಿಡು ಅಂತ ಸುಮ್ನಾದೆ.”

ಅವನು ಅವಳ ಪಕ್ಕ ಕೂತು ಬಟ್ಟೆ ಮಡಚತೊಡಗಿದ.

ಮುಂದಿನ ಭಾನುವಾರ ಇಬ್ಬರೂ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಲು ಹೋದರು. ಮಾಲೀಕ ಪಂಪಾಪತಿ ಎಂಬ ಹಿರಿಯರು ಬಸುರಿ ಹೆಣ್ಣುಮಗಳೆಂದು ಸುರೇಖಾಳಿಗೆ ಖುರ್ಚಿ ಹಾಕಿಸಿದರು, ನೀರು ಕೊಟ್ಟರು. ಇಂಥ ದಿನದೊಳಗೆ ಇದ್ದ ಮನೆ ಯಾಕೆ ಬಿಡುತ್ತೀರಿ ಎಂದು ಕೇಳಿದರು. ಎಲ್ಲ ಕಡೆ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡು ಬಂದ ಸುನೀಲ ಹೆಂಡತಿಯ ಹೊಟ್ಟೆಯ ಕಡೆ ಒಮ್ಮೆ ನೋಡಿದ.

“ನಮ್ಮ ಗಾಡಿ ಭಾಳ ಒದರತಿತ್ರಿ,” ಎಂದ. “ಓಣಿ ಮಂದಿಗಿ ತ್ರಾಸ ಆತು. ತಪ್ಪು ನಮ್ಮದ ಐತ್ರಿ.”

ಸುರೇಖಾ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟಳು. ಅಂಥ ಗಾಡಿ ಯಾಕ್ರಿ, ಮಾರಿ ಬಿಡಬೇಕ್ರಿ ಎಂದರು ಪಂಪಾಪತಿ. ಮಾರುತ್ತೇನೆ ಎಂದ ಸುನೀಲ.