ನಟ್ಟನಡುವಿನ ಗಂಟು

ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದರೂ, ಅತ್ತೆ ಅಕ್ಕವ್ವನ ಕೊರಳಿನ ಬಿಳಿ ಬಟ್ಟೆಯ ಗಂಟಿನೊಳಗೆ ಇದ್ದದ್ದನ್ನು ಜಗದಾಂಬಾ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಇಷ್ಟಲಿಂಗ ಎಂದರೆ ಮಂದಿಗೆ ತೋರಿಸಿ ಮೆರೆಯುವುದಲ್ಲ ಎನ್ನುವ ಪೈಕಿ ಅಕ್ಕವ್ವ. ಬಾಗಿಲು ಮುಂದೆ ಮಾಡಿಕೊಂಡು, ಎಡಗೈ ಮೇಲಿಟ್ಟು ಪೂಜೆ ಮುಗಿಸಿ, ಮತ್ತೆ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ ಮೇಲೆಯೇ ಆಕೆಗೆ ದಿನದ ಮೊದಲ ಗುಟುಕು ನೀರು. ಹಾವೇರಿ ಕಡೆಯಿಂದ ಬಸವೇಶ್ವರನಗರದ ಮಗನ ಮನೆಗೆ ಬಂದ ಮೇಲೂ ಆ ಕ್ರಮ ಒಂದು ದಿನ ತಪ್ಪಿರಲಿಲ್ಲ.

ಜಗದಾಂಬಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಒಂದು ಕೆಲಸಕ್ಕೆ ಕೈ ಹಾಕಿದರೆ ಅರ್ಧಕ್ಕೆ ಬಿಟ್ಟವಳಲ್ಲ. ಬೇಸಿಗೆ ರಜೆಯಲ್ಲಿ ಮಗಳು ವಚನಾ, "ಅಮ್ಮಾ, ಫ್ರೆಂಡ್ಸ್‌ನ ಕರ್ದು ಟೈ ಅಂಡ್ ಡೈ ಮಾಡೋಣ" ಎಂದದ್ದೇ ತಡ, ಬಣ್ಣದ ಪುಡಿ ಬಂತು, ಭಾನುವಾರ ಗೊತ್ತಾಯಿತು, ತಾರಸಿಯ ಮೇಲೆ ನಾಲ್ಕು ಬಕೆಟ್ ಸಾಲಾಗಿ ನಿಂತವು. ಅದೇ ರಸ್ತೆಯ ಸ್ಮೃತಿ, ಗಗನಾ ಬೆಳಿಗ್ಗೆಯೇ ಹಾಜರಾದರು. ಜಗದಾಂಬಾಳ ಶಾಲೆಯಲ್ಲೇ ಸಂಸ್ಕೃತ ಹೇಳುವ ಪಂಕಜಾ ಮಲ್ಲತ್ತಹಳ್ಳಿಯಿಂದ ತನ್ನ ಆರು ವರ್ಷದ ಮಗ ಅನಿಕೇತನನ್ನು ತಂದು ಬಿಟ್ಟು, "ಇವನನ್ನ ಒಂಚೂರು ಸಹಿಸ್ಕೊಳ್ಳಿ, ಮಧ್ಯಾಹ್ನ ಬಂದು ಕರ್ಕೊಂಡ್ ಹೋಗ್ತೀನಿ" ಎಂದು ಹೋದಳು.

ಮಾಡುವುದೇನೋ ಸುಲಭ. ಬಿಳಿ ಅಂಗಿಯೊಳಗೆ ದುಂಡು ಕಲ್ಲಿಟ್ಟು, ಬಟ್ಟೆ ಎಳೆದು, ಸುತ್ತ ದಾರ ಬಿಗಿದು ಬಣ್ಣಕ್ಕೆ ಅದ್ದುವುದು. ಬಿಗಿದ ಕಡೆ ಬಣ್ಣ ಹಿಡಿಯದೆ ಬಿಳಿ ಸುತ್ತು ಮೂಡುತ್ತದೆ. ಮರುದಿನ ಬೆಳಿಗ್ಗೆವರೆಗೆ ಗಂಟು ಬಿಚ್ಚಬಾರದು, ಅಷ್ಟೇ. ಮಕ್ಕಳು ಪಾರ್ಕಿನಿಂದ ಆರಿಸಿ ತಂದ ಕಲ್ಲುಗಳು ಮನೆಯ ಸ್ಟೀಲ್ ಬಟ್ಟಲುಗಳಲ್ಲೆಲ್ಲ ತುಂಬಿ, ಸೋಫಾ, ಮೆಟ್ಟಿಲು, ಅಡುಗೆಕಟ್ಟೆ ಎನ್ನದೆ ಕೂತಿದ್ದವು.

ಅನಿಕೇತ ಆರು ಗಂಟು ಹಾಕಿಸಿಕೊಂಡ ಮೇಲೆ, "ಆಂಟಿ, ಮಧ್ಯದಲ್ಲಿ ದೊಡ್ಡ ಸೂರ್ಯ ಬೇಕು" ಎಂದು ಹಟ ಹಿಡಿದ. ದೊಡ್ಡ ಕಲ್ಲು ಉಳಿದಿರಲಿಲ್ಲ, ದಾರವೂ ಮುಗಿದಿತ್ತು. ದಾರಕ್ಕೆಂದು ಜಗದಾಂಬಾ ಕೆಳಗಿಳಿದು ಅತ್ತೆಯ ಕೋಣೆಗೆ ಹೋದಳು. ಅತ್ತೆ ಅಲ್ಲಿರಲಿಲ್ಲ. ಕಿಟಕಿಯ ಬಳಿ ಒಂದು ಬಟ್ಟಲು, ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಕರ್ರಗಿನ ನುಣುಪು ಕಲ್ಲು. ಇಲ್ಲಿಗೂ ತಂದು ಸುರಿದಿದ್ದಾವಲ್ಲ ಈ ಪಿಳ್ಳೆಗಳು ಎಂದುಕೊಂಡು ದಾರದ ಜೊತೆ ಅದನ್ನೂ ಬಟ್ಟಲ ಸಮೇತ ಎತ್ತಿಕೊಂಡಳು. ಅಂಗಿಯ ನಟ್ಟನಡುವೆ ಇಟ್ಟು ತನ್ನ ಕೈಯಾರೆ ಬಿಗಿದು ಕಟ್ಟಿ ಕೇಸರಿ ಬಣ್ಣದಲ್ಲಿ ಮುಳುಗಿಸಿದಳು. ಹನ್ನೆರಡೂವರೆಗೆ ಮಕ್ಕಳೆಲ್ಲ ಒದ್ದೆ ಗಂಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅವರವರ ಮನೆಗೆ ಹೋದರು.

ಎರಡು ಗಂಟೆಗೆ ಅತ್ತೆಯನ್ನು ಊಟಕ್ಕೆ ಕರೆದರೆ ಮುಚ್ಚಿದ ಬಾಗಿಲ ಹಿಂದಿನಿಂದ, "ನನಗ ಬ್ಯಾಡ" ಎಂದು ಬಂತು. ದನಿ ಒಣಗಿತ್ತು. ಬಾಗಿಲು ತಳ್ಳಿದ ಜಗದಾಂಬಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹಾಸಿಗೆ ನೆಲದ ಮೇಲಿತ್ತು. ಟ್ರಂಕು ಬರಿದಾಗಿ, ಸೀರೆಗಳೆಲ್ಲ ಹರಡಿ ಬಿದ್ದಿದ್ದವು. ಎಪ್ಪತ್ತಾರರ ಅಕ್ಕವ್ವ ಮಂಚದ ಕೆಳಗೆ ಕೈಯಾಡಿಸುತ್ತಿದ್ದಳು. ಆಕೆಯ ಕೊರಳು ಬರಿದಾಗಿತ್ತು. ಆ ಕೊರಳನ್ನು ಜಗದಾಂಬಾ ಹಾಗೆ ನೋಡಿದ್ದು ಅದೇ ಮೊದಲು.

"ನನ್ನ ಲಿಂಗ ಕಾಣವಲ್ದು, ಜಗದಾ" ಎಂದಳು ಅಕ್ಕವ್ವ. "ಪೂಜಿ ಮುಗಸಿ ಕಟ್ಟೂಣು ಅಂದ್ರ, ತಗದಿಟ್ಟಿದ್ದ ಬಟ್ಟಿ ಇರಲಿಲ್ಲ. ಬಟ್ಟಲದಾಗ ಇಟ್ಟು ಬ್ಯಾರೆ ಬಟ್ಟಿ ತರಾಕ ಆ ಖೋಲಿಗೆ ಹೋದೆ. ಬರೂದ್ರಾಗ ಬಟ್ಟಲಾನೂ ಇಲ್ಲ, ಏನೂ ಇಲ್ಲ."

"ಆಗ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?"

"ಮಂದಿ ಮಕ್ಕಳು ಬಂದಿದ್ವು. ಈ ವಯಸ್ಸಿನ್ಯಾಗ ಲಿಂಗ ಕಳಕೊಂಡೀನಿ ಅಂತ ಯಾರ ಮುಂದ ಹೇಳ್ಲಿ?"

ಬೆಳಿಗ್ಗೆಯಿಂದ ಒಂದು ಹನಿ ನೀರು ಆಕೆಯ ಗಂಟಲಿಗೆ ಇಳಿದಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯೂ ಹಾಗೇ ಕೂತಿತ್ತು. ಸಿಗುವತನಕ ನೀರು ಮುಟ್ಟುವವಳಲ್ಲ, ಯಾರು ಕಾಲು ಹಿಡಿದರೂ ಮುಟ್ಟುವವಳಲ್ಲ. ಸಿಗದಿದ್ದರೆ ಮುಂದೇನು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಗಂಡ ಉದಯಕುಮಾರ್ ಓಡಿ ಬಂದವನೇ ಮಗಳ ಮೇಲೆ ಎಗರಿದ. "ಅಜ್ಜಿ ಕೋಣೇಲಿ ಏನೂ ಮುಟ್ಬೇಡ ಅಂತ ಎಷ್ಟ್ ಸಲ ಹೇಳಿದೀನಿ?"

"ಬಟ್ಟೆ ಒಂದೇ ತಗೊಂಡೆ ಅಪ್ಪಾ. ಬಟ್ಟಲು ನಾನು ತಗೊಂಡಿಲ್ಲ" ಎಂದು ವಚನಾ ಅಳತೊಡಗಿದಳು.

ಬಟ್ಟಲು ಎಂಬ ಮಾತು ಎರಡನೇ ಸಲ ಕಿವಿಗೆ ಬಿದ್ದಾಗಲೇ ಜಗದಾಂಬಾಳಿಗೆ ಹೊಳೆದದ್ದು. ಕಿಟಕಿ, ಕರಿ ಕಲ್ಲು, ಸೂರ್ಯ. ನಾಚಿಕೆಯ ವಿಷಯ, ಆದರೂ ಹೇಳಲೇಬೇಕು: ಮಗಳು ಬೈಸಿಕೊಳ್ಳುತ್ತಿದ್ದರೂ ಅವಳು ಅರ್ಧ ನಿಮಿಷ ಸುಮ್ಮನೆ ನಿಂತಿದ್ದಳು.

"ಅವಳನ್ನ ಬೈಬೇಡಿ ರೀ" ಎಂದಳು ಕೊನೆಗೆ. "ನಾನೇ ತಗೊಂಡೆ. ಮಕ್ಕಳ ಕಲ್ಲು ಅಂದ್ಕೊಂಡು ಅನಿಕೇತನ ಅಂಗೀಲಿ ಕಟ್ಟಿಬಿಟ್ಟೆ."

ಅಕ್ಕವ್ವ ಮಂಚ ಹಿಡಿದು ಮೆಲ್ಲಗೆ ಎದ್ದಳು. "ಲಿಂಗ ಕೈಯಾಗ ಹಿಡದು ಕಲ್ಲಂದೀಯಾ?" ಎಂದಷ್ಟೇ ಕೇಳಿ ಗೋಡೆಗೆ ಒರಗಿ ಕೂತಳು.

ಪಂಕಜಾಳ ಫೋನ್ ಸ್ವಿಚ್ ಆಫ್ ಬರುತ್ತಿತ್ತು. ಗಂಡ ಹೆಂಡತಿ ಸ್ಕೂಟರ್ ಹತ್ತಿದರು. ಗಂಟು ಬಿಚ್ಚಿರಬಾರದು, ದೇವರೇ, ಬಿಚ್ಚಿರಬಾರದು ಎಂದು ಜಗದಾಂಬಾ ದಾರಿಯುದ್ದಕ್ಕೂ ಜಪಿಸಿದಳು. ಮಲ್ಲತ್ತಹಳ್ಳಿಯ ಆ ಮನೆಯ ಗೇಟು ತೆಗೆಯುತ್ತಲೇ ಬಾಲ್ಕನಿಯ ತಂತಿಯ ಮೇಲೆ ಕೇಸರಿ ಅಂಗಿ ಕಂಡಿತು. ಬಿಚ್ಚಿ, ಒಗೆದು, ಹರವಿ ಆಗಿತ್ತು. ನಡುವೆ ಅಗಲವಾದ ಬಿಳಿ ಸೂರ್ಯ.

"ಅನಿಕೇತ್, ಇದರೊಳಗಿನ ಕಲ್ಲುಗಳು ಎಲ್ಲೋ?"

"ಕೆರೆಗೆ ಎಸೆದ್ಬಿಟ್ಟೆ ಆಂಟಿ" ಎಂದ ಹುಡುಗ, ದೊಡ್ಡ ಪರಾಕ್ರಮ ಮಾಡಿದವನಂತೆ. "ಅಪ್ಪನ ಜೊತೆ ಹೋಗಿ ಎಸೆದೆ. ಗುಳುಂ ಅಂತು."

ಜಗದಾಂಬಾ ಮೆಟ್ಟಿಲ ಮೇಲೆ ಕೂತಳು. ಉದಯಕುಮಾರ್ ಹೆಲ್ಮೆಟ್ ಕೂಡ ತೆಗೆಯದೆ ಹುಡುಗನನ್ನೇ ನೋಡುತ್ತ ನಿಂತ. ಕೆರೆಯಲ್ಲಿ ಹುಡುಕುವುದುಂಟೇ? ಮನೆಗೆ ಹೋಗಿ ಆ ಮುಖಕ್ಕೆ ಏನೆಂದು ಹೇಳುವುದು?

ಒಳಗಿನಿಂದ ಬಂದ ಪಂಕಜಾ, "ಒಂದನ್ನ ಕೊಡ್ಲಿಲ್ಲ ರೀ ನಾನು" ಎಂದಳು. "ಬನ್ನಿ ಒಳಗೆ."

ದೇವರ ಮನೆಯಲ್ಲಿ, ಮಣೆಯ ಮೇಲೆ, ತಟ್ಟೆಯಲ್ಲಿ ಒಂದು ತುಳಸಿ ದಳದ ಪಕ್ಕ ಅಕ್ಕವ್ವನ ಲಿಂಗ ಇತ್ತು.

"ಇವನು ಹಟ ಮಾಡಿ ಬಿಚ್ಚಿಸ್ದ. ಕೈಗೆ ತಗೊಂಡ ಕೂಡ್ಲೇ ಗೊತ್ತಾಯ್ತು, ಇದು ಯಾರೋ ದಿನಾ ಪೂಜೆ ಮಾಡೋದು ಅಂತ. ನಿಮ್ಮ ಪದ್ಧತಿ ಏನೋ ತಿಳೀದು, ನೆಲದ ಮೇಲೆ ಇಡೋಕೆ ಮನಸ್ಸು ಬರ್ಲಿಲ್ಲ. ಫೋನ್ ಚಾರ್ಜ್ ಆದ ಮೇಲೆ ಮಾಡೋಣ ಅಂತಿದ್ದೆ" ಎಂದಳು ಪಂಕಜಾ.

ಕೈಗೆ ತಗೊಂಡ ಕೂಡಲೇ ಗೊತ್ತಾಯಿತಂತೆ. ಮಾಧ್ವರ ಮನೆಯ ಹೆಂಗಸಿಗೆ ಗೊತ್ತಾದದ್ದು ಲಿಂಗವಂತರ ಸೊಸೆಗೆ ಗೊತ್ತಾಗಲಿಲ್ಲ. ಜಗದಾಂಬಾ ಸೆರಗೊಡ್ಡಿ ಇಸಿದುಕೊಂಡಳು. ಪಂಕಜಾಳ ಮುಖ ನೋಡಲು ಆಗಲಿಲ್ಲ.

ನಾಲ್ಕೂವರೆಗೆ ಅಕ್ಕವ್ವನ ಎಡಗೈಗೆ ಅದು ಮರಳಿ ಬಂತು. ಆಕೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ವಚನಾ ತಾನು ಎತ್ತಿಕೊಂಡು ಹೋಗಿದ್ದ ಬಟ್ಟೆಯನ್ನು ಹೆದರುತ್ತಲೇ ಚಾಚಿದಳು. ಅದರ ತುಂಬ ನೀಲಿ ಬಣ್ಣ, ಬಿಳಿ ಸುತ್ತು. "ಬಣ್ಣ ಆಗ್ಬಿಟ್ಟಿದೆ ಅಜ್ಜಿ."

"ಆಗ್ಲಿ ಬಿಡವ್ವಾ. ಲಿಂಗಕ್ಕ ಬಣ್ಣ ಹತ್ತೂದಿಲ್ಲ" ಎಂದು ಅಕ್ಕವ್ವ ಅದರಲ್ಲೇ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಜಗದಾಂಬಾ ನೀರಿನ ಲೋಟ ಹಿಡಿದು ಮುಂದೆ ಬಂದಳು. ಅದನ್ನು ತೆಗೆದುಕೊಂಡ ಅಕ್ಕವ್ವನ ಕಣ್ಣು ಸೊಸೆಯ ಕೊರಳಿನ ಮೇಲೆ ನಿಂತಿತು. "ನಿಂದೆಲ್ಲೈತಿ?"

ಜಗದಾಂಬಾಳ ಲಿಂಗ, ಮದುವೆಯಲ್ಲಿ ಅಪ್ಪ ಚನ್ನವೀರಪ್ಪ ಮಾಡಿಸಿಕೊಟ್ಟ ಬೆಳ್ಳಿಯ ಪುಟ್ಟ ಪೆಟ್ಟಿಗೆ, ಕರಡಿಗೆಯೊಳಗೆ ಇತ್ತು. ಬೆಳ್ಳಿ ಎಂದೇ ಬಳೆ, ಸರಗಳ ಜೊತೆ ಅದನ್ನೂ ಕಟ್ಟಿ ಒಯ್ದಿದ್ದು.

"ಬ್ಯಾಂಕ್ ಲಾಕರಿನಲ್ಲಿದೆ ಅತ್ತೆ" ಎಂದಳು ಜಗದಾಂಬಾ.

"ಎಷ್ಟು ವರ್ಷಾತು?"

"ವಚನಾ ಹುಟ್ಟಿದ ವರ್ಷ ಇಟ್ಟಿದ್ದು. ಒಂಬತ್ತು."

ಲೋಟ ಅಕ್ಕವ್ವನ ತುಟಿಯ ಹತ್ತಿರವೇ ನಿಂತಿತು. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನಂಬಲಾಗದೆ, ಸಣ್ಣ ಹುಡುಗಿಯಂತೆ ಸೊಸೆಯನ್ನು ನೋಡಿ ಕೇಳಿದಳು:

"ಮತ್ತ ಒಂಬತ್ತು ವರ್ಷ ನಿನಗ ನೀರು ಹ್ಯಾಂಗ ಇಳೀತವ್ವಾ?"