ನೂರಿಪ್ಪತ್ತು ಹೆಜ್ಜೆಯ ಮೈದಾನ

ಮೈದಾನವನ್ನು ದಿಮ್ಮಿಯೇ ನುಂಗುತ್ತಿದ್ದಾನೆ ಎಂದು ನನಗೆ ಖಾತ್ರಿಯಾದದ್ದು ಲೀಗಿನವರು ಟೇಪು ಹಿಡಿದು ಬಂದ ದಿನ. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಐವತ್ತು ತುಂಬಿತೆಂದು ಪುಸ್ತಕ ತರುವವರಿದ್ದರು. ಮೈದಾನದ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಹಳೇ ದಾಖಲೆಯಲ್ಲಿ ಗೋಲಿನಿಂದ ಗೋಲಿಗೆ ನೂರು ಮೀಟರ್ ಎಂದಿತ್ತು. ಟೇಪಿನಲ್ಲಿ ಬಂದದ್ದು ತೊಂಬತ್ತೆರಡು.

"ಭಾನುವಾರ ಮತ್ತೆ ಅಳೀತೀವಿ. ನೂರು ಇಲ್ದಿದ್ರೆ ಇಲ್ಲಿ ಇನ್ಮೇಲೆ ಲೀಗ್ ಪಂದ್ಯ ಇಲ್ಲ," ಎಂದು ಹೇಳಿ ಅಧಿಕಾರಿ ಹೊರಟುಹೋದರು.

ಎಂಟು ಮೀಟರ್ ಎಲ್ಲಿಗೆ ಹೋಯಿತು? ನೆಲಕ್ಕೇನು ಕಾಲು ಬರುತ್ತದೆಯೇ? ಆಚೆ ಗೋಲಿನ ಹಿಂದೆ ಮರದ ಡಿಪೋ ಇದೆ. ಅದರ ಯಜಮಾನನ ಮೈ ದಪ್ಪ, ಮಾತು ಕಮ್ಮಿ. ಅದಕ್ಕೇ ದಿಮ್ಮಿ ಎಂಬ ಹೆಸರು. ನಾನು ಚಿಕ್ಕವಳಿದ್ದಾಗ ಅವನ ಹಲಗೆಗಳು ಬೇಲಿಯೊಳಗಿದ್ದವು. ಈಗ ಬೇಲಿ ದಾಟಿ ಗೋಲಿನ ಬೆನ್ನಿಗೇ ಬಂದು ಕೂತಿವೆ. ಚೆಂಡು ಅತ್ತ ಹೋದರೆ ತಾನೇ ಓಡಿಬಂದು ಎಸೆಯುತ್ತಾನೆ. ಯಾರೂ ಹತ್ತಿರ ಬರಬಾರದಲ್ಲ, ಮಹಾನುಭಾವ!

ಗೆರೆ ಹಾಕುವವರು ನಮ್ಮಪ್ಪ. ಮಳೆಗಾಲಕ್ಕೆ ಕಿತ್ತಿಟ್ಟ ಗೋಲುಕಂಬಗಳನ್ನು ಮಳೆ ಮುಗಿದ ಮೇಲೆ ಅಪ್ಪನ ಗೆರೆ ನೋಡಿಯೇ ನೆಡುವುದು. ಕ್ಲಬ್ಬಿನ ಶೆಡ್ಡಿನ ಕಡೆಯ ಗೋಲಿನಿಂದ ನೂರಿಪ್ಪತ್ತು ಹೆಜ್ಜೆ, ಅಲ್ಲಿ ಸುಣ್ಣ. ನಲವತ್ತು ವರ್ಷದಿಂದ ಅದೇ ಲೆಕ್ಕ. ಗೆರೆ ಹಾಕುವ ದಿನ ದಿಮ್ಮಿ ಕೆಲಸ ಬಿಟ್ಟು ಅಪ್ಪನನ್ನೇ ನೋಡುತ್ತ ನಿಂತಿರುತ್ತಾನೆ. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

"ಅಪ್ಪ, ಗೆರೆ ಸ್ವಲ್ಪ ಈಚೆ ಹಾಕಿ ಅಂತ ದಿಮ್ಮಿ ಏನಾದ್ರೂ ಹೇಳ್ತಾನಾ?"

"ಅವನ್ಯಾರೇ ನಂಗೆ ಹೇಳೋಕೆ? ನೂರಿಪ್ಪತ್ತು ಅಂದ್ರೆ ನೂರಿಪ್ಪತ್ತು," ಎಂದು ಅಪ್ಪ ಆಚೆ ತಿರುಗಿ ಕೂತರು. ಅಪ್ಪನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ ಎಂದುಕೊಂಡೆ. ಅವತ್ತೇ ಚರಿತ್ರೆಯಲ್ಲಿ ಒಂದು ಪುಟ ಗೀಚಿದೆ: ಮೈದಾನ ನುಂಗಿ ನೀರು ಕುಡಿದ ನೆರೆಯವನ ಬಗ್ಗೆ.

ಶುಕ್ರವಾರ ಡಿಪೋಗೇ ನುಗ್ಗಿ, ಕೆಲಸದವರೆದುರು ಬಾಯಿಗೆ ಬಂದಂತೆ ಬೈದೆ. ಕಳ್ಳ ಎಂದೆ. ದಿಮ್ಮಿ ಕೈಗೆ ಹತ್ತಿದ ಮರದ ಪುಡಿ ಒರೆಸಿಕೊಂಡ.

"ನಾಳೆ ಬೆಳಿಗ್ಗೆ ಬಾರಮ್ಮ. ಹಲಗೆ ತೆಗೆಸಿರ್ತೀನಿ."

ಇಷ್ಟು ಸುಲಭಕ್ಕೆ ಒಪ್ಪಿದ್ದು ಕಂಡು ಅನುಮಾನ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ಟೇಪಿನೊಂದಿಗೆ ಹೋದೆ. ಹಲಗೆ ಎತ್ತಿದ ಜಾಗದಲ್ಲಿ, ಹುಲ್ಲು ಸುಟ್ಟುಹೋದ ನೆಲದ ಮೇಲೆ ಹಳೇ ಸುಣ್ಣದ ಗೆರೆಗಳಿದ್ದವು. ಒಂದರ ಹಿಂದೊಂದು, ಮೊಳಕ್ಕೊಂದು. ಎಣಿಸಿದೆ, ಹದಿನೇಳು. ಕೊನೆಯದು ಬೇಲಿಯ ಪಕ್ಕದಲ್ಲಿತ್ತು. ಶೆಡ್ಡಿನ ಗೋಲಿನಿಂದ ಅಲ್ಲಿಗೆ ಟೇಪು ಹಿಡಿದರೆ ಸರಿಯಾಗಿ ನೂರು.

ಗೆರೆಯನ್ನು ಯಾರೂ ತಳ್ಳಿರಲಿಲ್ಲ. ಎಣಿಕೆ ಅದೇ ನೂರಿಪ್ಪತ್ತು. ವರ್ಷ ಕಳೆದಂತೆ ಅಪ್ಪನ ಹೆಜ್ಜೆ ಚಿಕ್ಕದಾಗಿತ್ತು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ದಿಮ್ಮಿಯನ್ನು ಕೇಳಿದೆ.

"ಯಾರಿಗೆ ಹೇಳ್ಲಿ? ಖಾಲಿ ಜಾಗ ಕಂಡಿದ್ರೆ ಯಾರಾದ್ರೂ ಅಳೀತಿದ್ರು. ಆಮೇಲೆ ನಿಮ್ಮಪ್ಪನ ಕೈಯಿಂದ ಸುಣ್ಣದ ಬಕೆಟ್ ಕಿತ್ಕೋತಿದ್ರು. ಅದಕ್ಕೇ ಹಲಗೆ ಜೋಡಿಸ್ದೆ. ನನ್ನ ಕಳ್ಳ ಅಂದ್ರೆ ಅನ್ಲಿ ಬಿಡು."

ನಾಚಿಕೆಯಿಂದ ಸತ್ತಂತಾಯಿತು. ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನ ಕಡೆಯಿಂದ ಅಪ್ಪ ಎಣಿಸುತ್ತ ಬರುವುದು ಕಾಣಿಸಿತು. ಭಾನುವಾರಕ್ಕೆ ಗೆರೆ ಹೊಸದಾಗಿ ಹಾಕಬೇಕಲ್ಲ. ಅಪ್ಪ ನೂರಿಪ್ಪತ್ತಕ್ಕೆ ನಿಂತು ತಲೆ ಎತ್ತಿದರು. ಮುಂದೆ ಹದಿನೇಳು ಗೆರೆಗಳು.

"ಅಣ್ಣ, ಇವಳ ಗಲಾಟೇಲಿ ಎಣಿಕೆ ತಪ್ಪಿರ್ಬೇಕು," ಎಂದ ದಿಮ್ಮಿ.

"ಹೌದಪ್ಪ, ನಾನೇ ಕಿರುಚಾಡ್ತಿದ್ದೆ," ಎಂದೆ.

"ನನ್ನ ಎಣಿಕೆ ಯಾವತ್ತೂ ತಪ್ಪಿಲ್ಲ," ಎಂದರು ಅಪ್ಪ. ಒಂದೊಂದೇ ಗೆರೆ ದಾಟಿ, ಬೇಲಿಯ ಪಕ್ಕದ ಗೆರೆಯವರೆಗೆ ಹೋದರು. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತರು.

ಆಮೇಲೆ ವಾಪಸು ಬಂದು ಬಕೆಟ್ಟನ್ನು ನನ್ನ ಕೈಗಿಟ್ಟರು.

"ನಿನ್ನ ಕಾಲು ಉದ್ದ. ಶೆಡ್ಡಿಂದ ನೀನೇ ಎಣಿಸ್ಕೊಂಡು ಬಾ."

"ಟೇಪು ಇದೆಯಲ್ಲಪ್ಪ..."

"ಟೇಪು ಆಮೇಲೆ. ಮೊದಲು ಎಣಿಸೇ. ಜೋರಾಗಿ ಎಣಿಸು, ನಂಗೆ ಕೇಳಿಸ್ಬೇಕು."