ಒಂದೇ ಒಂದು ಸಿಟ್ಟಿನ ಮುಖ

ಸೋಫಾದ ಹೊಟ್ಟೆ ಸೀಳಿ ಮೊಣಕೈವರೆಗೆ ಕೈ ಒಳಗೆ ಬಿಟ್ಟಿದ್ದ ಕುಶನ್ ಮಾಮ, ಎದುರಿನ ಸ್ಟ್ಯಾಂಡಿನ ಮೇಲಿದ್ದ ಫೋನಿನ ಕಡೆ ಕಣ್ಣು ಮಿಟುಕಿಸಿ, ಏನೋ ಮೆತ್ತಗೆ ಸಿಗ್ತಾ ಇದೆ ಅಂದ. ಫೋನಿನೊಳಗೆ ಐವತ್ತೆಂಟು ಜನ ಅವನ ಲೈವ್ ನೋಡುತ್ತ ಬಾಯಿ ತೆರೆದುಕೊಂಡು ಕೂತಿದ್ದರು. ಹೊರಬಂದದ್ದು ಒಂಟಿ ಕಾಲುಚೀಲ. ಅವನಿಗೆ ಅಷ್ಟು ಸಾಕು. ಈ ಸೋಫಾ ಒಬ್ಬ ಜಡ್ಜ್ ಸಾಹೇಬರದು, ಕಾಲುಚೀಲ ಕಳೆದುಹೋದ ಮೇಲೆ ಅವರು ಮೂವತ್ತು ವರ್ಷ ಒಂದೇ ಕಾಲಿಗೆ ಹಾಕಿಕೊಂಡು ತೀರ್ಪು ಕೊಟ್ಟರು, ಅದಕ್ಕೇ ಅವರ ತೀರ್ಪೆಲ್ಲ ಒಂದು ಕಡೆಗೆ ವಾಲುತ್ತಿತ್ತು ಎಂದು ಶುರುಹಚ್ಚಿದ.

ಪರದೆಯ ಕೆಳಗಿನಿಂದ ಹಾರ್ಟುಗಳು, ನಗುವ ಮುಖಗಳು ಸೋಪಿನ ಗುಳ್ಳೆಗಳ ಹಾಗೆ ಎದ್ದು ತೇಲಿ ಮಾಯವಾದವು. ಅವುಗಳ ನಡುವೆ ಒಂದೇ ಒಂದು ಕೆಂಪು ಮುಖ ಹುಬ್ಬು ಗಂಟಿಕ್ಕಿಕೊಂಡು ಮೇಲೆ ಹೋಯಿತು. ಜಡ್ಜ್ ಸಾಹೇಬರ ಕಥೆ ಅಲ್ಲೇ ಮುಗ್ಗರಿಸಿತು.

ಮೂರು ವಾರದಿಂದ ಹೀಗೇ. ಮಧ್ಯಾಹ್ನ ನಾಲ್ಕಕ್ಕೆ ಅವನು ಲೈವ್ ಬಂದರೆ ಆ ಮುಖವೂ ಬರುತ್ತಿತ್ತು. ನಾರು ಹೇಗೆ ತುಂಬಬೇಕು, ಮೊಳೆ ಎಷ್ಟು ಹತ್ತಿರ ಹೊಡೆಯಬೇಕು ಎಂದು ಹೇಳುವಾಗ ಸುಳಿವಿಲ್ಲ. ಮುಳುಗುತ್ತಿದ್ದ ಹಡಗಿನಲ್ಲಿ ಕ್ಯಾಪ್ಟನ್ನಿನ ಕುರ್ಚಿಗೆ ಹೊಸ ಬಟ್ಟೆ ಹಾಕಿ, ಈಜಿಕೊಂಡು ಮನೆಗೆ ಬಂದೆ ಅಂದನೋ, ತಕ್ಷಣ ಹಾಜರು. ಯಾರು ಒತ್ತಿದರು ಅಂತ ಫೋನು ಹೇಳುವುದಿಲ್ಲ. ಹೆಂಡತಿಯನ್ನು ಕೇಳಿದರೆ, ಯಾರದೋ ಹೆಬ್ಬೆರಳು ದಪ್ಪ ಇರಬೇಕು, ಹಾರ್ಟ್ ಒತ್ತಲು ಹೋಗಿ ಪಕ್ಕದ್ದು ಒತ್ತುತ್ತಾರೆ ಎಂದು ತಳ್ಳಿಹಾಕಿದಳು.

ಆದರೆ ಹೆಬ್ಬೆರಳಿಗೆ ಸುಳ್ಳು ಯಾವುದು, ನಿಜ ಯಾವುದು ಅಂತ ಗೊತ್ತಾಗುತ್ತದೆಯೇ? ಅವನ ಬುರುಡೆಯನ್ನು ಮೊದಲ ಮಾತಿನಲ್ಲೇ ಹಿಡಿಯುತ್ತಿದ್ದದ್ದು ಲೋಕದಲ್ಲಿ ಒಬ್ಬಳೇ, ಅವನ ಅಕ್ಕ. ಚಿಕ್ಕಂದಿನಲ್ಲಿ ಅವನು ಬಾಯಿ ತೆರೆದರೆ ಸಾಕು, ಅವಳ ಹುಬ್ಬು ಹೀಗೇ ಗಂಟಾಗುತ್ತಿತ್ತು.

ಆ ಅಕ್ಕ ಮಾತು ಬಿಟ್ಟು ನಾಲ್ಕು ವರ್ಷ. ಅವಳ ಮಗಳ ಮದುವೆ ಮಾತಿಗೆಂದು ಬೀಗರು ಬಂದಿದ್ದ ದಿನ, ಯಾರೋ ಅವಳ ಎಡಗೈಯ ಉದ್ದನೆಯ ಗಾಯದ ಗುರುತು ಕಂಡು, ಇದೇನಮ್ಮಾ ಅಂದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಇವನು ನಡುವೆ ಬಿದ್ದ. ಕರುವಿನಷ್ಟು ದೊಡ್ಡ ನಾಯಿ ಕಚ್ಚಿತು, ಎಂಟು ವರ್ಷದ ನಾನು ಅದರ ದವಡೆ ಹಿಡಿದು ಅಗಲಿಸಿದೆ, ಅಕ್ಕ ಮೂಲೆಯಲ್ಲಿ ಕೂತು ಮೂಗು ಸೋರಿಸುತ್ತಿದ್ದಳು ಎಂದು ಹತ್ತು ನಿಮಿಷ ಹರಿಸಿದ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಮೆಲ್ಲಗೆ, "ನಿಜ ಏನು ಅಂತ ನೀನೇ ಹೇಳು" ಅಂದಳು. ಪಾಪ ಅಕ್ಕನಿಗೆ ಮರೆವು ಅಂದುಬಿಟ್ಟ ಇವನು. ನಾಲಿಗೆಗೆ ಎಲುಬಿಲ್ಲ ನೋಡಿ. ಆಮೇಲೆ ಫೋನು ಮಾಡಿದರೆ ಎತ್ತಲಿಲ್ಲ. ಎರಡು ಸಲ ಮನೆಗೇ ಹೋದ. ಅಕ್ಕ ಮನೆಯಲ್ಲಿಲ್ಲ ಅಂದರು. ಅವಳ ಚಪ್ಪಲಿ ಮಾತ್ರ ಬಾಗಿಲಲ್ಲೇ ಇತ್ತು.

ಇವತ್ತು ನೋಡಿಯೇಬಿಡೋಣ ಅಂತ ಕಾಲುಚೀಲ ಪಕ್ಕಕ್ಕಿಟ್ಟ. ಸೂಜಿಗೆ ದಾರ ಪೋಣಿಸುತ್ತ, "ನಮ್ಮಕ್ಕನ ಕೈಮೇಲೆ ಒಂದು ಗಾಯ ಇದೆ, ಅದರ ಕಥೆ ಹೇಳ್ತೀನಿ" ಅಂದ. ನಾಯಿ ಬೀದಿ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಕೆಂಪು ಮುಖ ಬಂತು. ಕರುವಿನಷ್ಟು ಅನ್ನುವಷ್ಟರಲ್ಲಿ ಇನ್ನೊಂದು. ಆಮೇಲೆ ಸಾಲುಸಾಲಾಗಿ, ಒತ್ತಿದ ಬೆರಳು ಎತ್ತದ ಹಾಗೆ.

ಅವನ ಕೈಯಲ್ಲಿ ಸೂಜಿ ನಿಂತಿತು. ಇದ್ದಾಳೆ. ಇಲ್ಲೇ, ಅಂಗೈಯಗಲದ ಗಾಜಿನ ಆಚೆ ಇದ್ದಾಳೆ.

"ನಾಯಿ ಇರ್ಲಿಲ್ಲ" ಅಂದ.

ಹಾಗಂದ ಮೇಲೆ ಹಿಂದಕ್ಕೆ ಹೋಗಲು ದಾರಿಯಿರಲಿಲ್ಲ. "ಅಪ್ಪ ಅಂಗಡೀಲಿ ಸೋಫಾದ ಸ್ಪ್ರಿಂಗನ್ನ ಒತ್ತಿ ಹಗ್ಗ ಕಟ್ಟಿಟ್ಟಿದ್ರು, ಮುಟ್ಟಬೇಡಿ ಅಂದಿದ್ರು. ನಾನು ಕತ್ತರೀಲಿ ಹಗ್ಗ ಕತ್ತರಿಸ್ದೆ. ಅದು ನನ್ನ ಮುಖಕ್ಕೇ ಚಿಮ್ತು. ಅಕ್ಕ ಕೈ ಅಡ್ಡ ಕೊಟ್ಲು."

ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಯಾರು ಕತ್ತರಿಸಿದ್ದು ಅಂತ ಅಪ್ಪ ಕೇಳಿದ್ರು. ನಾನು ಅಕ್ಕ ಅಂದೆ. ಗಾಯದ ಕೈಯಲ್ಲೇ ಅವಳಿಗೆ ಏಟು ಬಿತ್ತು. ಆವತ್ತಿಂದ ಅವಳನ್ನ ಅಂಗಡಿ ಒಳಗೆ ಬಿಡ್ಲಿಲ್ಲ. ಅವಳಿಗೆ ಈ ಕೆಲಸ ಅಂದ್ರೆ ಪ್ರಾಣ. ಕೈಯೂ ಚೆನ್ನಾಗಿತ್ತು, ನನಗಿಂತ. ಅಪ್ಪ ಸಾಯೋವರೆಗೂ ಅವಳೇ ಮಾಡಿದ್ದು ಅಂತಾನೇ ನಂಬಿದ್ರು."

ನಗುವ ಮುಖಗಳು ನಿಂತುಹೋಗಿದ್ದವು. ಒಬ್ಬರು, ನಾಯಿ ಏನಾಯ್ತು ಮಾಮ ಅಂತ ಬರೆದರು. ಇನ್ನೊಬ್ಬರು, ಇವತ್ತಿನದು ಸಪ್ಪೆ ಅಂದರು. ಮೂಲೆಯ ಅಂಕಿ ಐವತ್ತೆಂಟರಿಂದ ಮೂವತ್ತಕ್ಕೆ, ಹನ್ನೊಂದಕ್ಕೆ, ನಾಲ್ಕಕ್ಕೆ ಇಳಿಯಿತು. ಬಟ್ಟೆ ಮಡಚುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಅವನ ಬೆನ್ನನ್ನೇ ನೋಡಿದಳು. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳು. ನಾಯಿಯ ಮೈಬಣ್ಣ ಕೂಡ ಅವಳಿಗೆ ಬಾಯಿಪಾಠವಾಗಿತ್ತು. ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕೆಂಪು ಮುಖ ಬರಲಿಲ್ಲ. ಯಾವ ಮುಖವೂ ಬರಲಿಲ್ಲ. ಅವನು ಮೂರು ಹೊಲಿಗೆ ಹಾಕಿದ, ತಲೆ ಎತ್ತಿ ನೋಡಿದ. ಇನ್ನೆರಡು ಹಾಕಿದ, ಮತ್ತೆ ನೋಡಿದ. ನೋಡುತ್ತಿರುವವರು ಒಬ್ಬರು ಎಂದಿತ್ತು ಅಂಕಿ. ನಿಜ ಹೇಳಿದವನಿಗೆ ಇಷ್ಟೇ ಸಿಗುವುದೇ, ಬರೀ ಪರದೆ? ಅವಳಾದರೂ ಏನು ಮಾಡಿಯಾಳು, ನಿಜಕ್ಕೆ ಅವಳು ಯಾವತ್ತಾದರೂ ಹುಬ್ಬು ಗಂಟಿಕ್ಕಿದ್ದುಂಟೇ?

ಹಾಗಾದರೆ ಸುಳ್ಳನ್ನೇ ಹೇಳೋಣ ಅಂದುಕೊಂಡ. "ಅವಳಿಗೆ ಏಟು ಬೀಳುವಾಗ ನಾನೇನೂ ಅಳ್ಲಿಲ್ಲ."

ಕೆಂಪು ಮುಖ ಒಂದು ಮೆಲ್ಲಗೆ ಎದ್ದು ಬಂತು.

ಕುಶನ್ ಮಾಮ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ. "ನನ್ನ ಹೊಲಿಗೆ ಅವಳದಕ್ಕಿಂತ ನೆಟ್ಟಗಿದೆ" ಅಂದ. ಮಾತು ಮುಗಿಯುವ ಮೊದಲೇ ಎರಡು ಬಂದವು, ಒಂದರ ಬೆನ್ನಿಗೆ ಒಂದು.

"ನಾಲ್ಕು ವರ್ಷದಿಂದ ನಾನು ಹಾಯಾಗಿದೀನಿ."

ಇದಕ್ಕೆ ತುಸು ತಡವಾಯಿತು. ಬಂತು.

ಸೋಫಾದ ಹೊಟ್ಟೆ ಇನ್ನೂ ಬಾಯಿ ಬಿಟ್ಟುಕೊಂಡಿತ್ತು. ಅವನು ಸ್ಟ್ಯಾಂಡನ್ನು ಹತ್ತಿರ ಎಳೆದುಕೊಂಡ. ಮುಂದಿನ ಮಾತನ್ನು ಹೇಳಲೋ ಬೇಡವೋ ಅಂತ ಬಾಯಲ್ಲೇ ಇಟ್ಟುಕೊಂಡಿದ್ದು, ಕೊನೆಗೆ ಹೇಳಿದ.

"ಈ ಸೋಫಾ ನಾನೊಬ್ಬನೇ ಮುಗಿಸ್ತೀನಿ. ನಾಳೆ ಇಲ್ಲಿಗೆ ಯಾರೂ ಬರೋದು ಬೇಡ."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ಅವನು ಪರದೆಯ ಕೆಳಗಿನ ಅಂಚನ್ನೇ ನೋಡುತ್ತ ಕೂತ.